ಕಡಲು ದಾಟಿ ಬಂದ ಆಹಾರ ಮತ್ತು ವಸ್ತುಸಂಗ್ರಹಾಲಯ

ಕೇಳುಗರೆಲ್ಲರಿಗೂ ನಮಸ್ಕಾರ.

ಆಹಾರದ ಇತಿಹಾಸವನ್ನು ಜನರ ಮುಂದಿಡಲು ಹೊರಟ ವಸ್ತುಸಂಗ್ರಹಾಲಯಕ್ಕೆ ಮೊದಲು ಎದುರಾಗುವ ತೊಡಕೆಂದರೆ, ತೋರಿಸಬೇಕಾದ ವಸ್ತುವೇ ಅದರ ಬಳಿ ಇರುವುದಿಲ್ಲ. ಕತ್ತಿ ಉಳಿಯುತ್ತದೆ, ನಾಣ್ಯ ಉಳಿಯುತ್ತದೆ, ಅರಸನ ಶಾಸನ ಉಳಿಯುತ್ತದೆ. ಆದರೆ ಹಡಗುಗಳಲ್ಲಿ ಕಡಲು ದಾಟಿ ಬಂದ ಎಣ್ಣೆ, ಮೆಣಸು, ಸಕ್ಕರೆ, ಚಹಾ ಇವೆಲ್ಲ ಯಾರದೋ ಊಟದಲ್ಲಿ ಸೇರಿ ಮುಗಿದುಹೋಗಿವೆ. ಬಹುಮಟ್ಟಿಗೆ ಉಳಿದದ್ದು ಅವನ್ನು ತುಂಬಿ ತಂದ ಪಾತ್ರೆ ಮಾತ್ರ. ರೋಮ್ ನಗರದಲ್ಲಿರುವ ಮಾಂಟೆ ಟೆಸ್ಟಾಚೊ ಎಂಬ ಸುಮಾರು 35 ಮೀಟರ್ ಎತ್ತರದ ಗುಡ್ಡವು ಇಡಿಯಾಗಿ ಒಡೆದ ಮಡಕೆಗಳ ರಾಶಿ. ಇಂದಿನ ದಕ್ಷಿಣ ಸ್ಪೇನ್ ಮತ್ತು ಉತ್ತರ ಆಫ್ರಿಕದಿಂದ ಹಡಗೇರಿ ಬಂದ ಆಲಿವ್ ಎಣ್ಣೆಯನ್ನು ಖಾಲಿ ಮಾಡಿದ ಮೇಲೆ ಮಡಕೆಗಳನ್ನು ಒಡೆದು ಅಲ್ಲಿ ಸುರಿಯುತ್ತಿದ್ದರು. ಹಲವು ಚೂರುಗಳ ಮೇಲೆ ತೂಕ, ವ್ಯಾಪಾರಿಯ ಹೆಸರು, ವರ್ಷ ಇವುಗಳ ಬರಹ ಇಂದಿಗೂ ಓದಲು ಸಿಗುತ್ತದೆ.

ಆಹಾರವೇ ಉಳಿದುಬಂದ ಸಂದರ್ಭಗಳು ಅಪರೂಪ, ಆದ್ದರಿಂದಲೇ ಅವು ಅಮೂಲ್ಯ. ಈಜಿಪ್ಟಿನ ಕೆಂಪು ಸಮುದ್ರದ ದಂಡೆಯಲ್ಲಿದ್ದ ಬೆರೆನಿಕೆ ಬಂದರಿನ ದೇವಾಲಯವೊಂದರಲ್ಲಿ, ಭಾರತದಲ್ಲಿ ಮಾಡಿದ ದೊಡ್ಡ ಮಡಕೆಯೊಳಗೆ ಏಳೂವರೆ ಕಿಲೋ ಕಾಳುಮೆಣಸು ಪುರಾತತ್ತ್ವಜ್ಞರಿಗೆ ದೊರೆಯಿತು. ಮರುಭೂಮಿಯ ಒಣಹವೆ ಅದನ್ನು ಸುಮಾರು ಎರಡು ಸಾವಿರ ವರ್ಷ ಕಾಪಾಡಿತ್ತು. 1495ರಲ್ಲಿ ಇಂದಿನ ಸ್ವೀಡನ್ನಿನ ಕರಾವಳಿಯ ಬಳಿ ಮುಳುಗಿದ, ಡೆನ್ಮಾರ್ಕಿನ ದೊರೆ ಹಾನ್ಸನ ಗ್ರಿಬ್ಸ್‌ಹುಂಡೆನ್ ಹಡಗಿನಲ್ಲಿ ಕೇಸರಿ, ಶುಂಠಿ, ಮೆಣಸು, ಲವಂಗ ಸಿಕ್ಕಿವೆ. ಬಾಲ್ಟಿಕ್ ಸಮುದ್ರದ ತಣ್ಣನೆಯ, ಉಪ್ಪು ಕಡಿಮೆಯಿರುವ ನೀರಿನ ತಳದ ಕೆಸರಿನಲ್ಲಿ ಐನೂರು ವರ್ಷ ಹುದುಗಿದ್ದರೂ ಆ ಕೇಸರಿ ತನ್ನ ಪರಿಮಳವನ್ನು ಕಳೆದುಕೊಂಡಿರಲಿಲ್ಲವೆಂದು ಸಂಶೋಧಕರು ಹೇಳಿದ್ದಾರೆ.

ಆದರೆ ಇಂಥ ಕಾಳುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ಅವು ಕೇವಲ ಕಪ್ಪು ಕಾಳುಗಳಾಗಿಯೇ ಕಾಣುತ್ತವೆ. ಇದರ ಬೆಲೆಗಾಗಿ ಜನ ವರ್ಷಗಟ್ಟಲೆ ಮನೆ ಬಿಟ್ಟು ಕಡಲ ಮೇಲೆ ಏಕೆ ತೇಲಿದರು ಎಂಬುದು ಕಣ್ಣಿಗೆ ಹೊಳೆಯುವುದಿಲ್ಲ. ಹೀಗಾಗಿಯೇ ಆಹಾರ ಮತ್ತು ಕಡಲ ವ್ಯಾಪಾರದ ಪ್ರದರ್ಶನಗಳು ನೋಡುಗರ ಮೂಗನ್ನೂ ಕೈಯನ್ನೂ ಬಳಸಿಕೊಳ್ಳಲು ಆರಂಭಿಸಿದವು. ಹ್ಯಾಂಬರ್ಗ್ ನಗರದ ಹಳೆಯ ಉಗ್ರಾಣಗಳ ಬೀದಿಯಲ್ಲಿರುವ ಮಸಾಲೆ ವಸ್ತುಸಂಗ್ರಹಾಲಯದಲ್ಲಿ ಬಂದವರು ಮಸಾಲೆ ಪದಾರ್ಥಗಳನ್ನು ಮುಟ್ಟಬಹುದು, ಮೂಸಬಹುದು, ರುಚಿ ನೋಡಬಹುದು. ಮೂಸುವುದು ಮಕ್ಕಳಾಟವೆಂದು ನಾನು ಎಣಿಸುವುದಿಲ್ಲ. ಹಿಂದಿನ ವ್ಯಾಪಾರಿಯೂ ಸರಕಿನ ಗುಣವನ್ನು ತೀರ್ಮಾನಿಸಿದ್ದು ಮೂಗಿನಿಂದ, ನಾಲಗೆಯಿಂದ, ಅಂಗೈಯಲ್ಲಿ ಉಜ್ಜಿ ನೋಡುವುದರಿಂದ. ಆ ಕೆಲಸವನ್ನು ನಾವೂ ಮಾಡಿದಾಗ ಅವನ ಕಸುಬಿನ ಒಂದು ತುಣುಕು ನಮಗೆ ತಿಳಿಯುತ್ತದೆ.

ಇಲ್ಲಿಯೇ ಒಂದು ಭೇದವನ್ನು ಗುರುತಿಸಬೇಕು. ಪರದೆಯನ್ನು ಮುಟ್ಟಿದೊಡನೆ ನಕಾಶೆಯ ಮೇಲೆ ಒಂದು ಗೆರೆ ಹೊಳೆದು, ಹಡಗಿನ ಚಿತ್ರವೊಂದು ಆ ಗೆರೆಯುದ್ದಕ್ಕೂ ಜಾರಿಹೋಗುವ ವ್ಯವಸ್ಥೆ ಅನೇಕ ಕಡೆ ಇದೆ. ಅದರಲ್ಲಿ ನೋಡುಗನ ಬೆರಳಿಗೆ ಕೆಲಸವಿದೆಯೇ ಹೊರತು ಅವನ ವಿವೇಚನೆಗೆ ಇಲ್ಲ. ನೋಡುಗ ನಿಜವಾಗಿ ಪಾಲ್ಗೊಳ್ಳಬೇಕಾದರೆ ಅವನ ಮುಂದೆ ಒಂದು ತೀರ್ಮಾನವನ್ನು ಇಡಬೇಕು, ಆ ತೀರ್ಮಾನದ ಫಲವನ್ನೂ ಅವನೇ ಎದುರಿಸುವಂತಾಗಬೇಕು. ಹಿಂದೂ ಮಹಾಸಾಗರದ ಮಾರುತಗಳನ್ನೇ ನೋಡಿ. ನೈರುತ್ಯ ಮಾರುತ ಅರೇಬಿಯಾ ಮತ್ತು ಆಫ್ರಿಕದ ಕಡೆಯಿಂದ ಹಾಯಿಹಡಗುಗಳನ್ನು ಪೂರ್ವಕ್ಕೆ ತರುತ್ತಿತ್ತು. ಚಳಿಗಾಲದ ಈಶಾನ್ಯ ಮಾರುತ ಅವನ್ನು ಮರಳಿ ಒಯ್ಯುತ್ತಿತ್ತು. ಮೆಣಸಿನ ಬೆಲೆ ಇನ್ನಷ್ಟು ಇಳಿಯಲೆಂದು ಬಂದರಿನಲ್ಲಿ ಕಾದು ಕುಳಿತವನಿಗೆ ಗಾಳಿ ತಪ್ಪಿದರೆ ಮುಂದಿನ ಋತುವಿನವರೆಗೆ ಅಲ್ಲಿಯೇ ಉಳಿಯಬೇಕಾಗುತ್ತಿತ್ತು. ಹೊರಡುವ ದಿನವನ್ನು ನೋಡುಗನೇ ಆರಿಸಲಿ. ಗಾಳಿ ಅವನಿಗೆ ಉತ್ತರ ಕೊಡಲಿ.

ಇದಕ್ಕಿಂತಲೂ ನನ್ನನ್ನು ಹೆಚ್ಚು ಸೆಳೆಯುವುದು ಹಡಗಿನ ಒಡಲನ್ನು ತುಂಬುವ ಕೆಲಸ. ಹದಿನೆಂಟನೆಯ ಶತಮಾನದಲ್ಲಿ ಚೀನಾದಿಂದ ಯುರೋಪಿಗೆ ಮರಳುತ್ತಿದ್ದ ಹಡಗುಗಳಲ್ಲಿ ಪಿಂಗಾಣಿಯ ಪೆಟ್ಟಿಗೆಗಳನ್ನು ತಳದಲ್ಲಿ ಜೋಡಿಸುತ್ತಿದ್ದರು. ಪಿಂಗಾಣಿ ಭಾರವಾದದ್ದರಿಂದ ಹಡಗು ಸ್ಥಿರವಾಗಿ ನಿಲ್ಲುತ್ತಿತ್ತು. ತಳಕ್ಕೆ ಇಳಿದ ನೀರಿನಿಂದ ಅದಕ್ಕೆ ಹಾನಿಯೂ ಇರಲಿಲ್ಲ. ಅದರ ಮೇಲೆ ಚಹಾದ ಪೆಟ್ಟಿಗೆಗಳು ಬರುತ್ತಿದ್ದವು, ಏಕೆಂದರೆ ಚಹಾಕ್ಕೆ ತೇವ ತಗಲಬಾರದು. ಪಕ್ಕದ ಸರಕಿನ ವಾಸನೆಯನ್ನೂ ಅದು ಹೀರಿಕೊಂಡುಬಿಡುತ್ತದೆ. ಇದರ ಜೊತೆಗೆ ತಿಂಗಳುಗಟ್ಟಲೆ ಬೇಕಾಗುವ ಕುಡಿಯುವ ನೀರು, ನಾವಿಕರ ಊಟ, ಹಗ್ಗ, ಹಾಯಿಬಟ್ಟೆ ಎಲ್ಲಕ್ಕೂ ಜಾಗ ಸಾಲಬೇಕು. ಸರಕು ಹೆಚ್ಚಿಸಿದರೆ ಲಾಭ ಹೆಚ್ಚು, ಆದರೆ ನೀರು ಕಡಿಮೆ. ನಿಜವಾದ ತೂಕವುಳ್ಳ ಮರದ ಪೆಟ್ಟಿಗೆಗಳನ್ನು ಕೊಟ್ಟು, ತೂಗಾಡುವ ಒಂದು ಮಾದರಿ ಹಡಗನ್ನು ತುಂಬಲು ಹೇಳಿದರೆ, ಹತ್ತು ವರ್ಷದ ಮಗುವೂ ವ್ಯಾಪಾರದ ಲೆಕ್ಕಾಚಾರವನ್ನು ತೋಳಿನ ನೋವಿನಿಂದಲೇ ಕಲಿಯುತ್ತದೆ. ಲಂಡನ್ನಿನ ಗ್ರೀನಿಚ್ಚಿನಲ್ಲಿರುವ ಕಟೀ ಸಾರ್ಕ್ ಹಡಗಿನ ಒಡಲೊಳಗೆ ಇಂದು ಯಾರಾದರೂ ನಡೆದು ಹೋಗಬಹುದು. 1869ರಲ್ಲಿ ಚಹಾ ಸಾಗಣೆಗಾಗಿಯೇ ನೀರಿಗಿಳಿದ ಆ ಹಡಗು ಚೀನಾದಿಂದ ಚಹಾ ತಂದದ್ದು ಎಂಟೇ ಬಾರಿ. ಅದೇ ವರ್ಷ ತೆರೆದ ಸೂಯೆಜ್ ಕಾಲುವೆ ಹಬೆಹಡಗುಗಳಿಗೆ ಅನುಕೂಲವಾಗಿ, ಹಾಯಿಹಡಗುಗಳ ಕೈಯಿಂದ ಆ ವ್ಯಾಪಾರ ಜಾರಿತು.

ವ್ಯಾಪಾರಿಯ ತಟ್ಟೆಯನ್ನು ತೋರಿಸುವವರು ನಾವಿಕನ ತಟ್ಟೆಯನ್ನೂ ತೋರಿಸಬೇಕು. ಗ್ರೀನಿಚ್ಚಿನ ಕಡಲ ವಸ್ತುಸಂಗ್ರಹಾಲಯದಲ್ಲಿ 1784ರ ಒಂದು ಹಡಗಿನ ಬಿಸ್ಕತ್ತಿದೆ. ಅದು ಎಷ್ಟು ಗಟ್ಟಿಯೆಂದರೆ ಅದರ ಮೇಲೆಯೇ ದಿನಾಂಕ ಬರೆದಿಡಲಾಗಿದೆ. 1747ರಲ್ಲಿ ಸಾಲಿಸ್‌ಬರಿ ಎಂಬ ಹಡಗಿನಲ್ಲಿ ವೈದ್ಯ ಜೇಮ್ಸ್ ಲಿಂಡ್, ತಾಜಾ ಹಣ್ಣು ತರಕಾರಿ ಸಿಗದೆ ಬರುವ ಸ್ಕರ್ವಿ ರೋಗಕ್ಕೆ ತುತ್ತಾದ 12 ನಾವಿಕರನ್ನು ಇಬ್ಬಿಬ್ಬರಂತೆ ವಿಂಗಡಿಸಿ, ಒಂದೊಂದು ಜೋಡಿಗೆ ಒಂದೊಂದು ಚಿಕಿತ್ಸೆ ಕೊಟ್ಟು ನೋಡಿದನು. ಕಿತ್ತಳೆ ಮತ್ತು ನಿಂಬೆ ತಿಂದವರು ಬೇಗನೆ ಚೇತರಿಸಿಕೊಂಡರು. ಆದರೂ ಬ್ರಿಟಿಷ್ ನೌಕಾಪಡೆ ನಾವಿಕರಿಗೆಲ್ಲ ನಿಂಬೆರಸ ಕೊಡತೊಡಗಲು 1795ರವರೆಗೆ ಕಾಯಬೇಕಾಯಿತು. ಆ ನಡುವಿನ ವರ್ಷಗಳಲ್ಲಿ ಸತ್ತವರನ್ನು ನೆನೆದರೆ ಸಂಕಟವಾಗುತ್ತದೆ.

ಪಾಲ್ಗೊಳ್ಳುವಿಕೆಗೆ ಒಂದು ಎಲ್ಲೆ ಇದೆ ಎಂಬುದನ್ನು ನಾನು ಒತ್ತಿ ಹೇಳಬಯಸುತ್ತೇನೆ. ಅಮೆರಿಕದ ಬಾಸ್ಟನ್ನಿನಲ್ಲಿ 1773ರ ಡಿಸೆಂಬರ್ 16ರಂದು ಬ್ರಿಟಿಷರ ತೆರಿಗೆಯನ್ನು ವಿರೋಧಿಸಿ 342 ಪೆಟ್ಟಿಗೆ ಚಹಾವನ್ನು ಬಂದರಿನ ನೀರಿಗೆಸೆದ ಘಟನೆಯನ್ನು ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ ಬಂದವರೇ ಪೆಟ್ಟಿಗೆ ಎಸೆದು ಮತ್ತೆ ನಡೆಸುತ್ತಾರೆ. ಅದರಲ್ಲಿ ಉತ್ಸಾಹವಿದೆ, ತಪ್ಪೇನೂ ಇಲ್ಲ. ಆದರೆ ಆ ಚಹಾಕ್ಕೆ ಬೆರೆಸುತ್ತಿದ್ದ ಸಕ್ಕರೆಯನ್ನು ಹಾಗೆ ಆಡಿ ತೋರಿಸಲು ಬಾರದು. ಅಟ್ಲಾಂಟಿಕ್ ಸಾಗರದಾಚೆಗೆ ಗುಲಾಮರಾಗಿ ಸಾಗಿಸಲು ಹಡಗುಗಳಿಗೆ ತುಂಬಿದ ಆಫ್ರಿಕದ ಜನರ ಸಂಖ್ಯೆ ಸುಮಾರು 1.25 ಕೋಟಿಯೆಂದು ಇತಿಹಾಸಕಾರರು ಅಂದಾಜು ಮಾಡಿದ್ದಾರೆ. ಅವರಲ್ಲಿ ಬಹಳ ಮಂದಿಯ ದುಡಿಮೆ ಕಬ್ಬಿನ ತೋಟಗಳಲ್ಲಿ ಸವೆಯಿತು. 1621ರಲ್ಲಿ ಡಚ್ ಕಂಪನಿ ಜಾಯಿಕಾಯಿಗಾಗಿ ಇಂದಿನ ಇಂಡೊನೇಷ್ಯಾದ ಬಾಂಡಾ ದ್ವೀಪಗಳನ್ನು ವಶಪಡಿಸಿಕೊಂಡಾಗ ಅಲ್ಲಿನ ಬಹುಪಾಲು ಜನ ಕೊಲೆಯಾದರು, ಹಸಿವಿನಿಂದ ಸತ್ತರು, ಗುಲಾಮರಾದರು ಇಲ್ಲವೇ ಊರು ಬಿಟ್ಟು ಓಡಿಹೋದರು. ಅಂಕ ಗಳಿಸುವ ಆಟದೊಳಗೆ ಈ ಮನುಷ್ಯರನ್ನು ಕಾಯಿಗಳಂತೆ ನಡೆಸುವುದು ಅವರಿಗೆ ಎರಡನೆಯ ಬಾರಿ ಮಾಡುವ ಅನ್ಯಾಯ. ಲಂಡನ್ನಿನ ಡಾಕ್‌ಲ್ಯಾಂಡ್ಸ್ ವಸ್ತುಸಂಗ್ರಹಾಲಯ 2007ರಲ್ಲಿ ಸಕ್ಕರೆ ಮತ್ತು ಗುಲಾಮಗಿರಿಯ ಇತಿಹಾಸಕ್ಕೆಂದೇ ಒಂದು ವಿಭಾಗವನ್ನು ತೆರೆಯಿತು. ಆ ಕಟ್ಟಡವೇ 1802ರ ಕಾಲದಲ್ಲಿ ಸಕ್ಕರೆಯನ್ನು ಕೂಡಿಡುತ್ತಿದ್ದ ಉಗ್ರಾಣ. ಅಂಥ ಕಡೆ ನೋಡುಗನ ಕೈಗೆ ಗುಂಡಿ ಕೊಡಬೇಕಾಗಿಲ್ಲ. ಆ ಗೋಡೆಗಳ ನಡುವೆ ನಿಂತು ಓದುವಷ್ಟು ಸಮಯ ಮತ್ತು ಬೆಳಕು ಕೊಟ್ಟರೆ ಸಾಕು.

ಇಂಥ ಪ್ರದರ್ಶನಗಳ ಬಗ್ಗೆ ನನಗಿರುವ ಮುಖ್ಯ ಅಸಮಾಧಾನವೆಂದರೆ, ಅವುಗಳಲ್ಲಿ ಹೆಚ್ಚಿನವು ಹಾಯಿಹಡಗಿನ ಕಾಲಕ್ಕೇ ಕಥೆಯನ್ನು ನಿಲ್ಲಿಸಿಬಿಡುತ್ತವೆ. ನಮ್ಮ ಊಟವನ್ನು ಹೆಚ್ಚು ಬದಲಿಸಿದ್ದು ಅನಂತರದ ತಂಪು ಸಾಗಣೆ ಮತ್ತು ಉಕ್ಕಿನ ಕಂಟೇನರು. 1882ರ ಫೆಬ್ರವರಿಯಲ್ಲಿ ನ್ಯೂಜಿಲೆಂಡಿನಿಂದ ಡನೀಡನ್ ಎಂಬ ಹಡಗು ಸುಮಾರು 5,000 ಕುರಿಗಳ ಹೆಪ್ಪುಗಟ್ಟಿಸಿದ ಮಾಂಸವನ್ನು ಹೊತ್ತು ಹೊರಟು, 98 ದಿನಗಳ ಬಳಿಕ ಲಂಡನ್ ಸೇರಿತು. ಅದಕ್ಕೆ ಹಾಯಿಯೂ ಇತ್ತು, ತಂಪು ಮಾಡುವ ಯಂತ್ರಕ್ಕೆ ಕಲ್ಲಿದ್ದಲಿನ ಬೆಂಕಿಯೂ ಇತ್ತು. ಆ ಬೆಂಕಿಯ ಕಿಡಿಗಳಿಂದ ಹಾಯಿಗಳಿಗೆ ಅಪಾಯವಿತ್ತು. ಉಷ್ಣವಲಯದಲ್ಲಿ ತಂಪುಗಾಳಿ ಸರಿಯಾಗಿ ಹರಿಯದಿದ್ದಾಗ ಕಪ್ತಾನನೇ ಒಳಗೆ ತೆವಳಿಹೋಗಿ ಗಾಳಿಗೆ ಹೊಸ ಕಿಂಡಿಗಳನ್ನು ಕೊರೆದು, ಚಳಿಗೆ ಮರಗಟ್ಟಿ ಸಾಯುವ ಸ್ಥಿತಿಗೆ ಬಂದಿದ್ದನು. ಈ ಪ್ರಸಂಗವನ್ನು ಪ್ರದರ್ಶನವಾಗಿ ಕಟ್ಟುವುದು ಕಷ್ಟವೇನಲ್ಲ. ಉಷ್ಣಮಾಪಕವಿರುವ ಒಂದು ತಣ್ಣನೆಯ ಕೊಠಡಿ, ತೆರೆದು ಮುಚ್ಚಬಹುದಾದ ಕೆಲವು ಗಾಳಿಕಿಂಡಿಗಳು, ಸಮಭಾಜಕವೃತ್ತವನ್ನು ದಾಟುವ ಮಾರ್ಗದ ನಕಾಶೆ ಇಷ್ಟಿದ್ದರೆ, ಯಾವ ಕಿಂಡಿಯನ್ನು ತೆರೆದರೆ ಸರಕು ಕೆಡದೆ ಉಳಿಯುತ್ತದೆ ಎಂಬುದನ್ನು ಬಂದವರು ತಾವೇ ಕಂಡುಕೊಳ್ಳಬಲ್ಲರು.

ನಮಸ್ಕಾರ.