ನಾಲ್ಕು ಕೋಟಿ ಅಂಕಿ, ಮೂರು ಕಾಸಿನ ಉಪಯೋಗ ಇಲ್ಲ!

ನಮಸ್ಕಾರ. ಇವತ್ತು ಬೇರೆ ವಿಷಯ ಇಟ್ಕೊಂಡಿದ್ದೆ. ಆದ್ರೆ ಹಿಂದಿನ ವಿಡಿಯೋ ಕೆಳಗೆ ಒಬ್ಬರು ಕಮೆಂಟ್ ಹಾಕಿದಾರೆ: "ಸರ್, 2024ರಲ್ಲಿ ಸಿಕ್ಕ ದೊಡ್ಡ ಅವಿಭಾಜ್ಯ ಸಂಖ್ಯೆಯಿಂದಾನೇ ನಮ್ಮ ಬ್ಯಾಂಕ್ ಅಕೌಂಟ್ ಭದ್ರವಾಗಿರೋದು." ಅದಕ್ಕೆ ಲೈಕು ಬೇರೆ!

ಇಲ್ಲ ಸ್ವಾಮಿ. ಆ ಸಂಖ್ಯೆಗೂ ನಿಮ್ಮ ಬ್ಯಾಂಕಿಗೂ ನಂಟಿಲ್ಲ.

ಯಾವ ಸಂಖ್ಯೆ ಅಂತೀರಾ? 13,62,79,841 ಎರಡುಗಳನ್ನ ಒಂದಕ್ಕೊಂದು ಗುಣಿಸಿ, ಕೊನೆಗೆ 1 ಕಳೀರಿ. ಬರೋದು 4,10,24,320 ಅಂಕಿ. ಬೈನರಿಯಲ್ಲಿ ಬರೆದ್ರೆ ಬರೀ ಒಂದುಗಳು, ಹುಡುಕಿದ್ರೂ ಸೊನ್ನೆ ಇಲ್ಲ. ಈ ಜಾತಿಗೆ ಮೆರ್ಸೆನ್ ಅವಿಭಾಜ್ಯ ಅಂತಾರೆ, ನಮಗೆ ಗೊತ್ತಿರೋದರಲ್ಲಿ ಇದು 52ನೇದು. ಲ್ಯೂಕ್ ಡುರಾಂಟ್ ಅನ್ನೋರು ಜಿಪಿಯುಗಳ, ಅಂದ್ರೆ ಗ್ರಾಫಿಕ್ಸ್ ಚಿಪ್ಪುಗಳ, ಸೈನ್ಯ ಕಟ್ಟಿ ಹಿಡಿದ್ರು. ಪರೀಕ್ಷೆ ಹೇಗೆ ಗೊತ್ತಾ? 4 ತಗೊಳ್ಳಿ, ವರ್ಗ ಮಾಡಿ, 2 ಕಳೀರಿ, ನಮ್ಮ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಕೊಳ್ಳಿ. ಮತ್ತೆ ವರ್ಗ, ಮತ್ತೆ 2 ಕಳೀರಿ. ಹೀಗೇ 13 ಕೋಟಿಗೂ ಹೆಚ್ಚು ಸಲ. ಕೊನೆಗೆ ಶೇಷ ಸೊನ್ನೆ ಬಂತೋ, ಅವಿಭಾಜ್ಯ! ಲೂಕಾಸ್-ಲೆಹ್ಮರ್ ಪರೀಕ್ಷೆ ಇದು. ಮೈ ಜುಮ್ ಅನ್ನಲ್ವಾ? ಅನ್ನಲ್ಲ ಅಂದ್ರೆ ಅಡುಗೆ ಚಾನೆಲ್ ನೋಡಿ, ಬೇಜಾರಿಲ್ಲ.

ಆದ್ರೆ ಉಪಯೋಗ? ಸೊನ್ನೆ! ಆರ್‌ಎಸ್‌ಎ ಬೀಗಕ್ಕೆ (ಆನ್‌ಲೈನಲ್ಲಿ ಮಾಹಿತಿ ಗುಟ್ಟಾಗಿಡೋ ಒಂದು ಗೂಢಲಿಪಿ ವಿಧಾನ) ಬೇಕಾಗೋದು ಸುಮಾರು 300 ಅಂಕಿಯ ಎರಡು ಅವಿಭಾಜ್ಯಗಳು, ಅವೂ ಗುಟ್ಟಾಗಿರಬೇಕು. ಇದು ಇಡೀ ಜಗತ್ತಿಗೆ ಗೊತ್ತಿರೋ ಸಂಖ್ಯೆ ಕಣ್ರೀ! ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಗೋಡೆ ಮೇಲೆ ಎಟಿಎಂ ಪಿನ್ ಬರೆದ ಹಾಗೆ.

ಅಂದ ಹಾಗೆ, ಸಬ್‌ಸ್ಕ್ರೈಬ್ ಆಗದೇ ನೋಡ್ತಿರೋರು ಜಾಸ್ತಿ ಇದ್ದೀರಿ, ನನಗೆ ಕಾಣ್ತದೆ.

ಈಗ ಬುದ್ಧಿವಂತರೊಬ್ಬರು ಬರ್ತಾರೆ: "2ರ ಘಾತ 521, ಮೈನಸ್ 1, ಅದೂ ಮೆರ್ಸೆನ್ನೇ, ಗೂಢಲಿಪಿಯಲ್ಲಿ ಬಳಸ್ತಾರಲ್ಲ?" ಬಳಸ್ತಾರಪ್ಪಾ. ಅದಕ್ಕಿರೋದು 157 ಅಂಕಿ. ತಾತ ಐಎಎಸ್ ಅಂತ ಮೊಮ್ಮಗನಿಗೆ ಸಲ್ಯೂಟ್ ಹೊಡೀತೀರಾ? ಇನ್ನೊಬ್ಬರು: "ಈ ಹುಡುಕಾಟದ ಸಾಫ್ಟ್‌ವೇರಿಂದ 2016ರಲ್ಲಿ ಇಂಟೆಲ್ ಚಿಪ್ಪಿನ ದೋಷ ಹೊರಬಿತ್ತು." ಬಿತ್ತು, ಸಂತೋಷ. ಆ ದೋಷ ಹಿಡಿದಿದ್ದು ಸಾಫ್ಟ್‌ವೇರು, ಈ ಸಂಖ್ಯೆ ಅಲ್ಲ. ಮುಂದೆ!

ಉಪಯೋಗ ಇಲ್ಲ ಅಂದ್ರೆ ಯಾಕಿಷ್ಟು ಸಂಕಟ ನಿಮಗೆ? ಇಲ್ಲ. ಇಲ್ಲವೇ ಇಲ್ಲ. ಓಟಿಪಿಗೂ ಇಲ್ಲ, ಫೋನ್‌ಪೇಗೂ ಇಲ್ಲ, ನಿಮ್ಮ ಭಾವನ ಸ್ಟಾರ್ಟಪ್‌ಗೂ ಇಲ್ಲ! ಇದೆ ಅಂದೋರು ಆ ನಾಲ್ಕು ಕೋಟಿ ಅಂಕಿ ಬಾಯಿಪಾಠ ಒಪ್ಪಿಸಿ, ಆಮೇಲೆ ಮಾತಾಡೋಣ.

ಗಂಟಲು ಕಟ್ತು. ಮುಂದಿನ ವಾರ ಪರಿಪೂರ್ಣ ಸಂಖ್ಯೆಗಳು, ಅಂದ್ರೆ ತನ್ನನ್ನ ಬಿಟ್ಟು ಮಿಕ್ಕ ಭಾಜಕಗಳನ್ನೆಲ್ಲ ಕೂಡಿದ್ರೆ ತಾನೇ ಬರೋವು: 6, 28, 496. ಪ್ರತಿ ಮೆರ್ಸೆನ್ ಜೊತೆ ಇಂಥದ್ದೊಂದು ಪುಕ್ಕಟೆ ಬರ್ತದೆ. ಬೆಸ ಪರಿಪೂರ್ಣ ಸಂಖ್ಯೆ ಮಾತ್ರ ಇವತ್ತಿನವರೆಗೂ ಯಾರಿಗೂ ಸಿಕ್ಕಿಲ್ಲ. ಚಾನೆಲ್ ಮೆಂಬರ್ಸ್‌ಗೆ ಶುಕ್ರವಾರವೇ ಬರುತ್ತೆ, ಮಿಕ್ಕೋರು ಭಾನುವಾರದವರೆಗೂ ಕಾಯಿರಿ.