ಹೊಸ ಲಾರಿ, ಹೊಸ ಬ್ರೇಕು

ನಮಸ್ಕಾರ. ಪುಣೆ, ಮುಂಬೈ ಕಡೆ ಲಾರಿ ಓಡಿಸುವ ನಮ್ಮ ಡ್ರೈವರ್ ಅಣ್ಣಂದಿರಿಗೆ, ಅವರ ದಾರಿ ಕಾಯುವ ಮನೆಯವರಿಗೆ, ಎಲ್ಲರಿಗೂ ನಮಸ್ಕಾರ.

ಹೊಸ ಗಾಡಿ ಬಂದ ದಿನ ಹಾರ ಹಾಕುತ್ತೇವೆ, ಕಾಯಿ ಒಡೆಯುತ್ತೇವೆ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತೇವೆ. ಆಮೇಲೆ ಮಾಲೀಕರು ಕೀ ಕೈಗೆ ಕೊಟ್ಟು, "ಕಳಂಬೋಲಿಯಲ್ಲಿ ಲೋಡ್ ರೆಡಿ ಇದೆ, ಹೊರಡಪ್ಪಾ" ಅಂತಾರೆ. ನನ್ನ ತಕರಾರು ಇರುವುದೇ ಇಲ್ಲಿ. ಬ್ರೇಕ್ ಹೇಗೆ ಹಿಡಿಯುತ್ತದೆ ಅಂತ ಗೊತ್ತಾಗುವ ಮೊದಲೇ ಕಬ್ಬಿಣ ಹೇರಿಕೊಂಡು ಘಾಟ್ ದಾರಿ ಹಿಡಿಯಬೇಕು. ಮಾಲೀಕರೇ, ಒಂದು ದಿನ ಖಾಲಿ ಗಾಡಿ ಓಡಿಸಲು ಬಿಡಿ. ಆ ಡೀಸೆಲ್ ದಂಡ ಅಲ್ಲ.

ಹೊಸ ಗಾಡಿ ಹತ್ತಿದವರು ಎರಡು ಥರ ದೂರು ಹೇಳುತ್ತಾರೆ. ಒಬ್ಬರು, ಬ್ರೇಕ್ ಹಿಡಿಯುವುದೇ ಇಲ್ಲ ಅಂತಾರೆ. ಇನ್ನೊಬ್ಬರು, ಸುಮ್ನೆ ಕಾಲು ಇಟ್ಟರೂ ಮುಗ್ಗರಿಸುತ್ತದೆ ಅಂತಾರೆ. ಇಬ್ಬರದೂ ಸುಳ್ಳಲ್ಲ. ಚಕ್ರದ ಜೊತೆ ತಿರುಗುವ ಡ್ರಮ್ಮನ್ನು ಒಳಗಿನಿಂದ ಉಜ್ಜಿ ಹಿಡಿಯುವ ಪಟ್ಟಿಯೇ ಲೈನರ್. ಹೊಸ ಲೈನರ್ ಡ್ರಮ್ಮಿಗೆ ಪೂರ್ತಿ ತಾಗಿರುವುದಿಲ್ಲ, ಅಲ್ಲಲ್ಲಿ ಮಾತ್ರ ತಾಗುತ್ತದೆ. ಓಡುತ್ತಾ ಓಡುತ್ತಾ ಸವೆದು ಕೂರುತ್ತದೆ. ಅಲ್ಲಿಯವರೆಗೆ ಮುಂದಿನ ಗಾಡಿಗೂ ನಿಮಗೂ ನಡುವೆ ಜಾಗ ಜಾಸ್ತಿ ಇರಲಿ.

ಎರಡನೆಯದು ಪೆಡಲ್ ವಿಷಯ. ಆಯಿಲ್ ಬ್ರೇಕಿನ ಸಣ್ಣ ಟೆಂಪೋದಲ್ಲಿ ಚಕ್ರದ ಹತ್ತಿರ ಆಗುವುದು ಪಾದಕ್ಕೆ ಸ್ವಲ್ಪವಾದರೂ ತಿಳಿಯುತ್ತದೆ. ಏರ್ ಬ್ರೇಕಿನ ಪೆಡಲ್ ಅಂದರೆ ನೀರಿನ ನಲ್ಲಿ ಇದ್ದ ಹಾಗೆ. ನೀವು ತಿರುಗಿಸುವುದು ನಲ್ಲಿಯನ್ನು, ಕೆಲಸ ಮಾಡುವುದು ಟ್ಯಾಂಕಿನ ಗಾಳಿ. ಪಾದಕ್ಕೆ ಸಿಗುವ ಬಿಗಿ ಬರೀ ವಾಲ್ವ್ ಒಳಗಿನ ಸ್ಪ್ರಿಂಗು, ರಬ್ಬರಿನದು. ಹಾಗಾಗಿ ಪೆಡಲ್ ಮೆತ್ತಗಿದೆ ಅಂದ ಮಾತ್ರಕ್ಕೆ ಬ್ರೇಕ್ ಕಡಿಮೆ ಅಂತಲ್ಲ. ಗಾಳಿ ಕೊನೆಯ ಚಕ್ರ ಮುಟ್ಟುವುದಕ್ಕೆ ಒಂದು ಕ್ಷಣವೂ ಬೇಕು. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅರ್ಧ ಸೆಕೆಂಡ್ ತಡವಾದರೆ ಗಾಡಿ 8 ಮೀಟರ್ ಮುಂದೆ ಹೋಗಿರುತ್ತದೆ.

ಕೆಲವರಿಗೆ ಪೆಡಲನ್ನು ಪಟಪಟ ತುಳಿಯುವ ಅಭ್ಯಾಸ. ಏರ್ ಬ್ರೇಕಿನಲ್ಲಿ ಪ್ರತಿ ಸಲ ಕಾಲು ಎತ್ತಿದಾಗಲೂ ಒಂದಷ್ಟು ಗಾಳಿ ಪುಸ್ ಅಂತ ಹೊರಗೆ ಹೋಗುತ್ತದೆ. ಟ್ಯಾಂಕ್ ಇಳಿದು ಬಜರ್ ಕೂಗಿದರೆ ಗಾಡಿ ಪಕ್ಕಕ್ಕೆ ಹಾಕಿ, ಕೂಡಲೇ. ಗಾಳಿ ಇನ್ನೂ ಕಡಿಮೆಯಾದರೆ ಪಾರ್ಕಿಂಗ್ ಬ್ರೇಕಿನ ಸ್ಪ್ರಿಂಗ್ ತಾನೇ ಹಿಡಿದುಬಿಡುತ್ತದೆ. ಆಗ ಎಲ್ಲಿ ನಿಲ್ಲಬೇಕು ಅನ್ನುವುದು ನಿಮ್ಮ ಕೈಯಲ್ಲಿ ಇರುವುದಿಲ್ಲ. ಎಬಿಎಸ್ ಇರುವ ಗಾಡಿಯಲ್ಲಿ ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಗಾಳಿ ಬಿಟ್ಟು ಬಿಟ್ಟು ಹೋಗುವ ಸದ್ದು ಕೇಳಬಹುದು. ಗಾಬರಿಯಾಗಿ ಕಾಲು ತೆಗೆಯಬೇಡಿ. ಅದು ಚಕ್ರ ಜಾಮ್ ಆಗದಂತೆ ನೋಡಿಕೊಳ್ಳುತ್ತಿದೆ, ಒತ್ತಿಯೇ ಹಿಡಿಯಿರಿ.

ಹತ್ತು ಚಕ್ರದ ಗಾಡಿ ಖಾಲಿ ಇದ್ದಾಗ ಸುಮಾರು 9-10 ಟನ್, ತುಂಬಿದರೆ 28 ಟನ್. ಖಾಲಿ ಗಾಡಿಯಲ್ಲಿ ಕಲಿತ ಲೆಕ್ಕ ಲೋಡಿಗೆ ಬರುವುದಿಲ್ಲ. ಲೋಡ್ ಆದ ಮೇಲೆ, ಯಾರ್ಡಿನಲ್ಲೇ ನಿಧಾನವಾಗಿ ಓಡಿಸಿ, ಮತ್ತೆ ಬ್ರೇಕ್ ಹಾಕಿ ನೋಡಿ.

ಈಗ ಘಾಟ್. ಖಂಡಾಳದಿಂದ ಖೋಪೋಲಿಗೆ ಇಳಿಯುವಾಗ ಗಾಡಿ ಸುಮಾರು ಅರ್ಧ ಕಿಲೋಮೀಟರ್ ಎತ್ತರ ಕಳೆದುಕೊಳ್ಳುತ್ತದೆ. ಅಷ್ಟು ಭಾರವನ್ನು ಬರೀ ಕಾಲಿನ ಬ್ರೇಕಿನಲ್ಲಿ ತಡೆದರೆ ಎಲ್ಲವೂ ಶಾಖವಾಗಿ ಡ್ರಮ್ಮಿಗೆ ಹೋಗುತ್ತದೆ. ಡ್ರಮ್ ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ, ಲೈನರ್ ಹಿಡಿತ ಬಿಡುತ್ತದೆ. ಗೇಜಿನಲ್ಲಿ ಗಾಳಿ ಫುಲ್ ಇರುತ್ತದೆ, ಬ್ರೇಕ್ ಇರುವುದಿಲ್ಲ! ಗೇಜ್ ಗಾಳಿಯ ಲೆಕ್ಕ ಹೇಳುತ್ತದೆ, ಶಾಖದ ಲೆಕ್ಕ ಹೇಳುವುದಿಲ್ಲ. ಸುಟ್ಟ ವಾಸನೆ ಬಂದರೆ ಜಾಗ ನೋಡಿ ನಿಲ್ಲಿಸಿ, ತಣ್ಣಗಾಗಲು ಬಿಡಿ.

ಯಾವ ಗೇರಿನಲ್ಲಿ ಹತ್ತಿದೆಯೋ ಅದೇ ಗೇರಿನಲ್ಲಿ ಇಳಿ ಅಂತ ಹಳಬರು ಹೇಳುತ್ತಿದ್ದರು. ಹೊಸ ಗಾಡಿಗೆ ಇದು ಸಾಲದು. ಇಂಜಿನ್‌ಗೆ ತಾಕತ್ತು ಜಾಸ್ತಿ, ಅದು ಮೇಲಿನ ಗೇರಿನಲ್ಲೇ ಏರಿಬಿಡುತ್ತದೆ. ಇಳಿಯುವಾಗ ಅದಕ್ಕಿಂತ ಕೆಳಗಿನ ಗೇರ್ ಬೇಕು, ಅದನ್ನೂ ಇಳಿಜಾರು ಶುರುವಾಗುವ ಮೊದಲೇ ಹಾಕಿರಬೇಕು. ಹೊಗೆ ಹೋಗುವ ದಾರಿ ಕಟ್ಟಿ ಇಂಜಿನ್‌ನಿಂದಲೇ ಗಾಡಿ ತಡೆಯುವ ಎಕ್ಸಾಸ್ಟ್ ಬ್ರೇಕ್ ಚೆನ್ನಾಗಿ ಹಿಡಿಯುವುದೂ ಇಂಜಿನ್ ಜೋರಾಗಿ ತಿರುಗುತ್ತಿದ್ದಾಗಲೇ. ಅಷ್ಟಾದರೂ ವೇಗ ಏರಿದರೆ ಪೆಡಲ್ ಗಟ್ಟಿಯಾಗಿ ಒತ್ತಿ, ಹತ್ತು ಕಿಲೋಮೀಟರಿನಷ್ಟು ವೇಗ ಇಳಿಸಿ, ಪೂರ್ತಿ ಬಿಡಿ. ಉದ್ದಕ್ಕೂ ಹಗುರವಾಗಿ ಕಾಲಿಟ್ಟುಕೊಂಡೇ ಹೋಗಬೇಡಿ.

ನ್ಯೂಟ್ರಲ್ ಹಾಕಿ ಇಳಿಸಿದರೆ ಡೀಸೆಲ್ ಉಳಿಯುತ್ತದೆ ಅನ್ನುವವರು ಇನ್ನೂ ಇದ್ದಾರೆ. ಸಾತಾರಾ ಕಡೆಯಿಂದ ಬಂದು, ಹೊಸ ಕಾತ್ರಜ್ ಸುರಂಗ ದಾಟಿ ನವಲೆ ಸೇತುವೆ ಕಡೆಗೆ ಇಳಿಯುವ ರಸ್ತೆ ಎಷ್ಟು ಜೀವ ತೆಗೆದಿದೆ ಅಂತ ಪುಣೆಯವರಿಗೆ ಹೇಳಬೇಕಾಗಿಲ್ಲ. ಡೀಸೆಲ್ ಉಳಿಯುತ್ತದೆ ಅನ್ನುವ ಆ ಲೆಕ್ಕವೇ ತಪ್ಪು. ಈಗಿನ ಇಂಜಿನ್‌ಗಳಲ್ಲಿ ಗೇರಿನಲ್ಲೇ ಇಳಿಯುತ್ತಾ ಎಕ್ಸಲೇಟರ್ ಬಿಟ್ಟರೆ ಡೀಸೆಲ್ ನಿಂತೇ ಹೋಗುತ್ತದೆ. ನ್ಯೂಟ್ರಲ್‌ನಲ್ಲಿ ಇಂಜಿನ್ ಆಫ್ ಆಗದಿರಲು ಡೀಸೆಲ್ ಕುಡಿಯುತ್ತಲೇ ಇರಬೇಕು. ಎಕ್ಸಾಸ್ಟ್ ಬ್ರೇಕೂ ಕೈಬಿಟ್ಟಿರುತ್ತದೆ. ಉಳಿಯಿತು ಅಂದುಕೊಂಡಿದ್ದು ಎಲ್ಲಿ ಉಳಿಯಿತು ಹೇಳಿ?

ಕಾರಿನವರಿಗೂ ಒಂದು ಮಾತು. ಘಾಟಿನಲ್ಲಿ ಲಾರಿ ಮುಂದೆ ಖಾಲಿ ಜಾಗ ಕಂಡರೆ ಅದು ನಿಮಗಾಗಿ ಬಿಟ್ಟಿದ್ದಲ್ಲ. ಅದು ಆ ಲಾರಿಯ ಬ್ರೇಕಿನ ಪಾಲು.

ಮುಂಬೈ ಮಳೆಯಲ್ಲಿ ನಿಂತ ನೀರು ದಾಟಿದ ಮೇಲೆ ಡ್ರಮ್ ಒದ್ದೆಯಾಗಿರುತ್ತದೆ. ಹಿಂದೆ ಮುಂದೆ ನೋಡಿಕೊಂಡು ಎರಡು ಮೂರು ಸಲ ಮೆಲ್ಲಗೆ ಬ್ರೇಕ್ ಹಾಕಿ ಒಣಗಿಸಿ. ಈ ಕಡೆಯ ಹಸಿ ಹವೆಗೆ ಗಾಳಿ ಟ್ಯಾಂಕಿನಲ್ಲೂ ನೀರು ಸೇರುತ್ತದೆ. ಏರ್ ಡ್ರೈಯರ್ ಇದೆ ಅಂತ ಸುಮ್ಮನಿರದೆ ಆಗಾಗ ಡ್ರೈನ್ ವಾಲ್ವ್ ಎಳೆದು ನೋಡಿ. ನೀರು ಬರುತ್ತಲೇ ಇದ್ದರೆ ಡ್ರೈಯರ್ ಕೆಲಸ ಮಾಡುತ್ತಿಲ್ಲ.

ಮೊದಲ ಸರ್ವಿಸಿಗೆ ಬಿಟ್ಟಾಗ ಬರೀ "ಬ್ರೇಕ್ ನೋಡಿ" ಅನ್ನಬೇಡಿ. ಲೋಡ್ ಇದ್ದಾಗ ಎಡಕ್ಕೆ ಎಳೆಯುತ್ತದೆಯೇ, ಖಾಲಿ ಇದ್ದಾಗ ಮುಗ್ಗರಿಸುತ್ತದೆಯೇ, ಯಾವ ಚಕ್ರ ಜಾಸ್ತಿ ಬಿಸಿಯಾಗುತ್ತದೆ, ಬಿಡಿಸಿ ಹೇಳಿ. ಮೇಸ್ತ್ರಿಗೆ ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗುತ್ತದೆ. ನಮಸ್ಕಾರ.