ಮನಸ್ಸು ಹೇಳಿದ್ದನ್ನ ಯಾವಾಗ ನಂಬ್ಬೇಕು? ಆಲೆಮನೇಲಿ ಉತ್ತರ ಇದೆ

ನಮಸ್ಕಾರ ಎಲ್ರಿಗೂ. ನಿಮ್ಮಲ್ಲಿ ತುಂಬಾ ಜನ ಕೇಳ್ತಾನೇ ಇದ್ರಿ, ದೊಡ್ಡ ನಿರ್ಧಾರ ಮಾಡೋವಾಗ ಮನಸ್ಸಿಗೆ ಅನ್ಸಿದ್ದನ್ನ ಮಾಡ್ಬೇಕಾ, ಇಲ್ಲ ಪೆನ್ನು ಪೇಪರ್ ಹಿಡ್ಕೊಂಡು ಲೆಕ್ಕ ಹಾಕ್ಬೇಕಾ ಅಂತ. ಎಡ ಮೆದುಳು ಲಾಜಿಕ್ಕು, ಬಲ ಮೆದುಳು ಕಲ್ಪನೆ ಅನ್ನೋ ಕಥೆ ಬಿಟ್ಬಿಡಿ, ಮೆದುಳು ಹಂಗೆ ಪಾಲು ಮಾಡ್ಕೊಂಡು ಕೆಲಸ ಮಾಡಲ್ಲ. ಸೀದಾ ಮಂಡ್ಯದ ಆಲೆಮನೆಗೆ ಹೋಗೋಣ.

(ಸ್ಕ್ರೀನ್ ಮೇಲೆ: ಕುದಿಯುತ್ತಿರುವ ಕೊಪ್ಪರಿಗೆ)

ಬೆಲ್ಲ ಕಾಯಿಸೋದನ್ನ ಹತ್ರದಿಂದ ನೋಡಿದೀರಾ? ಕಬ್ಬಿನ ಹಾಲು ಕೊಪ್ಪರಿಗೇಲಿ ಕುದೀತಿರುತ್ತೆ, ಸುಣ್ಣ ಹಾಕಿ ಮೇಲೆ ಬಂದ ಕೊಳೆ ನೊರೆ ತೆಗೆದಿರ್ತಾರೆ, ಆಮೇಲೆ ಬಣ್ಣ ತಿರುಗಿ ಪಾಕ ಗಟ್ಟಿ ಆಗ್ತಾ ಬರುತ್ತೆ, ಆಗ ಕಾಯಿಸೋರು ಚೂರು ಪಾಕನ ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ ನೋಡಿ, "ಇಳ್ಸ್ರಪ್ಪಾ" ಅಂತಾರೆ. ಹೆಂಗೆ ಗೊತ್ತಾಯ್ತಣ್ಣ ಅಂದ್ರೆ "ಕೈಗೆ ಗೊತ್ತಾಯ್ತದೆ ಕಣಪ್ಪ" ಅಷ್ಟೇ ಉತ್ತರ.

ಲೆಕ್ಕದ ಪ್ರಕಾರ ಅಚ್ಚು ಬೆಲ್ಲದ ಹದ ಅಂದ್ರೆ ಸುಮಾರು 118 ಡಿಗ್ರಿ ಸೆಲ್ಸಿಯಸ್. ಹಂಗಾದ್ರೆ ಥರ್ಮಾಮೀಟರ್ ಇಟ್ರೆ ಮುಗೀತಲ್ವಾ? ಮುಗಿಯಲ್ಲ. ಆ ನಂಬರ್ ಮುಖ್ಯವಾಗಿ ಹೇಳೋದು ನೀರು ಎಷ್ಟು ಆವಿ ಆಗಿ ಪಾಕ ಎಷ್ಟು ಗಟ್ಟಿಯಾಗಿದೆ ಅಂತ. ಆದ್ರೆ ಕಡಿದು ಎರಡ್ಮೂರು ದಿನ ಬಿಸಿಲಲ್ಲಿ ಬಿದ್ದಿದ್ದ ಕಬ್ಬು ನೋಡಿ, ಅದ್ರಲ್ಲಿರೋ ಸುಕ್ರೋಸ್, ಅಂದ್ರೆ ಹರಳುಗಟ್ಟೋ ಸಕ್ಕರೆ, ಒಡೆದು ಗ್ಲೂಕೋಸು ಫ್ರಕ್ಟೋಸು ಆಗಿರುತ್ತೆ, ಅದು ಅದೇ 118ಕ್ಕೆ ಇಳಿಸಿದ್ರೂ ಸರಿಯಾಗಿ ಗಟ್ಟಿ ಆಗಲ್ಲ, ಅಂಟಂಟಾಗುತ್ತೆ. ಆ ಉಂಡೆ ಹಿಡಿದ ಬೆರಳಿಗೆ ಇದೆಲ್ಲಾ ಒಂದೇ ಸಲ ತಿಳಿಯುತ್ತೆ! ನನಗಂತೂ ಇದು ಯಾವ ಲ್ಯಾಬಿಗೂ ಕಮ್ಮಿ ಅನ್ಸಲ್ಲ.

ಈಗ ಅದೇ ಅಣ್ಣನ್ನ ಕೇಳಿ, ಮುಂದಿನ ವರ್ಷ ಬೆಲ್ಲದ ರೇಟ್ ಏರುತ್ತಾ? ಅವರಿಗೆ ಒಳಗಿಂದ ಏನೋ ಅನ್ಸೇ ಅನ್ಸುತ್ತೆ, ಹದ ನೋಡುವಾಗ ಅನ್ಸಿದಷ್ಟೇ ಗಟ್ಟಿಯಾಗಿ ಅನ್ಸುತ್ತೆ, ಅಪಾಯ ಇರೋದೇ ಇಲ್ಲಿ. ಹದ ತಪ್ಪಿದ್ರೆ ಅವತ್ತೇ ಅಚ್ಚಿನಲ್ಲಿ ಗೊತ್ತಾಗುತ್ತೆ, ಮುಂದಿನ ಕೊಪ್ಪರಿಗೆಗೆ ಕೈ ತಿದ್ಕೊಳ್ಳುತ್ತೆ. ಕಬ್ಬು ಹಾಗಲ್ಲ, ನಾಟಿಯಿಂದ ಕಟಾವಿಗೆ ಸುಮಾರು ಒಂದು ವರ್ಷ, ಅಷ್ಟರೊಳಗೆ ಮಳೆ, ಕೆಆರ್‌ಎಸ್ ನೀರು, ಸುತ್ತಲೂ ಎಷ್ಟು ಜನ ಕಬ್ಬು ಹಾಕಿದ್ರು, ಎಲ್ಲಾ ಸೇರ್ಕೊಂಡು ಒಳ್ಳೆ ರೇಟ್ ಸಿಕ್ರೂ ಅದು ನಮ್ಮ ಅಂದಾಜಿಂದ್ಲಾ ಅದೃಷ್ಟದಿಂದ್ಲಾ ಗೊತ್ತಾಗಲ್ಲ.

ಇದನ್ನೇ 2009ರಲ್ಲಿ ಡೇನಿಯಲ್ ಕಾನೆಮನ್ ಮತ್ತು ಗ್ಯಾರಿ ಕ್ಲೈನ್ ಅನ್ನೋ ಇಬ್ರು ಮನಶ್ಶಾಸ್ತ್ರಜ್ಞರು ಸೇರಿ ಒಂದು ಪೇಪರಲ್ಲಿ ಬರೆದ್ರು. ಕಾನೆಮನ್ ಅವರಿಗೆ ಇಂಟ್ಯೂಷನ್, ಅಂದ್ರೆ ಈ ಮನಸ್ಸಿಗೆ ಅನ್ಸೋದರ ಮೇಲೆ, ಅನುಮಾನ, ಕ್ಲೈನ್ ಅವರು ಬೆಂಕಿ ಆರಿಸೋ ಅಧಿಕಾರಿಗಳನ್ನ ಸ್ಟಡಿ ಮಾಡಿ ಅದರ ಪರ ಇದ್ದೋರು. ಇಬ್ರೂ ಒಪ್ಪಿದ್ದು ಏನಂದ್ರೆ, ಮನಸ್ಸಿಗೆ ಅನ್ಸಿದ್ದನ್ನ ನಂಬ್ಬೇಕಂದ್ರೆ ಕೆಲಸದಲ್ಲಿ ನಿಜವಾದ ಒಂದು ಕ್ರಮ ಇರ್ಬೇಕು, ಅದನ್ನ ಕಲಿಯೋಕೆ ಸಾಕಷ್ಟು ಅವಕಾಶ, ಜೊತೆಗೆ ತಪ್ಪು ಸರಿ ಬೇಗ ಗೊತ್ತಾಗ್ಬೇಕು. ಎಷ್ಟು ಧೈರ್ಯವಾಗಿ ಅನ್ಸುತ್ತೆ ಅನ್ನೋದು ಲೆಕ್ಕಕ್ಕಿಲ್ಲ.

ಚೆಸ್‌ನಲ್ಲೂ ಹಿಂಗೇ. 1973ರಲ್ಲಿ ಚೇಸ್ ಮತ್ತು ಸೈಮನ್ ಅನ್ನೋ ಸಂಶೋಧಕರು ಮಾಡಿದ ಪ್ರಯೋಗದಲ್ಲಿ, ನಿಜವಾದ ಆಟದ ಬೋರ್ಡನ್ನ 5 ಸೆಕೆಂಡ್ ತೋರಿಸಿದ್ರೆ ದೊಡ್ಡ ಆಟಗಾರ ಹೊಸಬರಿಗಿಂತ ತುಂಬಾ ಜಾಸ್ತಿ ಕಾಯಿ ನೆನಪಿಟ್ಕೊಂಡು ಜೋಡಿಸಿದ, ಕಾಯಿಗಳನ್ನ ಸುಮ್ನೆ ಎಲ್ಲೆಲ್ಲೋ ಇಟ್ಟು ತೋರಿಸಿದಾಗ ಹೊಸಬರಷ್ಟೇ. ಅಂದ್ರೆ ಕ್ರಮ ಇದ್ದ ಕಡೆ ಮಾತ್ರ ಅನುಭವ ಕೆಲಸಕ್ಕೆ ಬಂತು.

ಟೈಮ್ ಆಗ್ತಿದೆ, ಕೊನೇ ಎರಡು ವಿಷಯ ಒಟ್ಟಿಗೇ ಹೇಳ್ಬಿಡ್ತೀನಿ. ಮೊದಲನೇದು, ಮನಸ್ಸು, ಲೆಕ್ಕ ಎರಡನ್ನೂ ಸೇರಿಸೋದು ಹೆಂಗೆ? 1950ರ ದಶಕದಲ್ಲಿ ಇಸ್ರೇಲ್ ಸೈನ್ಯದ ಇಂಟರ್‌ವ್ಯೂಗೆ ಕಾನೆಮನ್ ಒಂದು ಪದ್ಧತಿ ಮಾಡಿದ್ರು: ಆರು ಗುಣಗಳಿಗೆ ಒಂದೊಂದಾಗಿ ಮಾರ್ಕ್ಸ್ ಹಾಕಿ, ಎಲ್ಲಾ ಮುಗಿದ ಮೇಲೆ ಕಣ್ಣು ಮುಚ್ಚಿ ಮನಸ್ಸಿಗೆ ಬಂದ ನಂಬರ್ ಕೊಡಿ. ಯಾರು ಒಳ್ಳೆ ಸೈನಿಕ ಆಗ್ತಾರೆ ಅಂತ ಮೊದ್ಲೇ ಹೇಳೋದ್ರಲ್ಲಿ ಆ ಕೊನೇ ನಂಬರ್ ಆರರ ಒಟ್ಟು ಮಾರ್ಕ್ಸ್‌ನಷ್ಟೇ ಚೆನ್ನಾಗಿ ಕೆಲಸ ಮಾಡ್ತು. ಹಂಗಾಗಿ ಮೈಸೂರಲ್ಲಿ ಸೈಟ್ ನೋಡೋಕೆ ಹೋದ್ರೂ ಖಾತೆ, ನೀರು, ರಸ್ತೆ, ಸಾಲದ ಕಂತು ಒಂದೊಂದಾಗಿ ಬರೆದಾದ್ಮೇಲೆ "ಇಷ್ಟ ಆಯ್ತಾ" ಅಂತ ಮನಸ್ಸನ್ನ ಕೇಳಿ, ಮೊದ್ಲೇ ಕೇಳ್ಬೇಡಿ. ಇನ್ನೊಂದು, ಲಾಜಿಕ್ ಪೂರ್ತಿ ಚೆನ್ನಾಗಿದ್ದೂ ಮೆದುಳಿನ ಆಪರೇಷನ್ ಆದ್ಮೇಲೆ ಚಿಕ್ಕ ನಿರ್ಧಾರಕ್ಕೂ ಒದ್ದಾಡ್ತಿದ್ದ ಎಲಿಯಟ್ ಅನ್ನೋ ಪೇಷಂಟ್ ಕೇಸ್, ಅದನ್ನ ಡಾಕ್ಟರ್ ದಮಾಸಿಯೊ ಬರೆದಿದಾರೆ, ಅದು ಐದು ನಿಮಿಷದಲ್ಲಿ ಹೇಳೋದಲ್ಲ, ಮುಂದಿನ ವಿಡಿಯೋ ಪೂರ್ತಿ ಅದೇ.